ಹೂ ಮರೆತ ಎಳ್ಳು

ಒಂದಾನೊಂದು ಕಾಲದಲ್ಲಿ, ಊರಿಗೆಲ್ಲ ಒಂದೇ ಗಾಣ ಇದ್ದ ಕಾಲದಲ್ಲಿ, ದ್ಯಾವಕ್ಕ ಅಂತ ಒಬ್ಬಳು ಗಾಣದ ಹೆಂಗಸು ಇದ್ಲಂತೆ. ಗಂಡ ಮರುಳಪ್ಪ. ಮಕ್ಕಳಿಲ್ಲ. ಎಳ್ಳು ಬಿತ್ತೋರೂ ಇಬ್ರೇ, ಎಣ್ಣೆ ತೆಗೆಯೋರೂ ಇಬ್ರೇ. ಊರಿನ ಬಾಣಂತಿಯರ ತಲೆಗೆ, ಕೂಸುಗಳ ಮೈಗೆ ಅವರ ಎಣ್ಣೇನೇ ಆಗ್ಬೇಕು. ದುಡಿದೂ ದುಡಿದೂ ದ್ಯಾವಕ್ಕನ ಸೊಂಟ ಸೋತು ಹೋಗಿತ್ತಂತೆ. ಕೂತ್ರೆ ಏಳಕ್ಕೆ ಮನಸಿಲ್ಲ, ಎದ್ರೆ ಕೂರಕ್ಕೆ ಹೊತ್ತಿಲ್ಲ.

ಒಂದು ವರ್ಷ ಎಳ್ಳು ಸೊಂಪಾಗಿ ಬಂತು, ಆಮೇಲೆ ಹೂ ಬಿಡೋ ಹೊತ್ತಿಗೆ ನೋಡಿದ್ರೆ ಹೂವಿನ ಜಾಗದಲ್ಲೆಲ್ಲ ಪುಟಾಣಿ ಎಲೆ, ಗೊಂಚಲು ಗೊಂಚಲು ಎಲೆ, ಒಂದೂ ಕಾಯಿಲ್ಲ. ಗೊಬ್ಬರ ಸಾಲ್ದು ಅಂದ ಮರುಳಪ್ಪ. ಮಾರನೇ ವರ್ಷ ಇಬ್ರೂ ಹೊತ್ತು ಹೊತ್ತು ಗೊಬ್ಬರ ಹಾಕಿದ್ರು, ಇನ್ನೂ ಜಾಸ್ತಿ ಎಲೆ ಬಂತಂತೆ. ಮೂರನೇ ವರ್ಷಕ್ಕೆ ಬೀಜ ಅಂತ ಉಳಿದಿದ್ದು ಒಂದೇ ಕುಡಿಕೆ. ಅದೂ ಹೋದ್ರೆ ಊರಲ್ಲಿ ಎಳ್ಳಿನ ಹೆಸರೇ ಇಲ್ಲ.

ಅದನ್ನೂ ಬಿತ್ತಿದ್ರು. ಒಂದಿನ ಕಳೆ ಕೀಳಕ್ಕೆ ಹೋದ ದ್ಯಾವಕ್ಕಂಗೆ ಬಗ್ಗಕ್ಕೇ ಆಗ್ಲಿಲ್ಲವಂತೆ, ಬದುವಿನ ಮೇಲೆ ಸುಮ್ನೆ ಕೂತ್ಬಿಟ್ಲು. ಕೂತು ನೋಡ್ತಾಳೆ, ಎಲೆಗೊಂಚಲು ಬಂದ ಗಿಡದಲ್ಲಿ ಎಳ್ಳುಕಾಳಿನಷ್ಟೇ ಹಸುರು ಹುಳ, ರಸ ಹೀರೋದು, ಪಕ್ಕದ ಗಿಡಕ್ಕೆ ಜಿಗಿಯೋದು. ಹುಳ ಜಿಗಿದು ಕೂತ ಚೆನ್ನಾಗಿರೋ ಗಿಡಕ್ಕೆಲ್ಲ ಸೆರಗಿನ ದಾರ ಕಿತ್ತು ಕಟ್ಟಿದ್ಲು. ಮೂರು ವಾರ ಆಯ್ತು, ಆಮೇಲೆ ದಾರ ಕಟ್ಟಿದ ಗಿಡಗಳೇ ಹೂ ಬಿಡದೆ ಎಲೆ ಬಿಟ್ಟವಂತೆ.

ಎಲೆ ಬಿಟ್ಟಿದ್ದನ್ನೆಲ್ಲ ಕೀಳ್ಬೇಕು ಅಂದ್ಲು. ಇಷ್ಟು ಹಸುರಾಗಿ ನಿಂತಿರೋದನ್ನ ಕೀಳಕ್ಕೆ ನಿಂಗೆ ಕೈ ಹೆಂಗೆ ಬರುತ್ತೆ ಅಂದ ಮರುಳಪ್ಪ. ಹಸುರೇನೋ ಹೌದು, ಆದ್ರೆ ಅದು ನಮಗೂ ಬೆಳೀತಿಲ್ಲ, ತನಗೂ ಬೆಳೀತಿಲ್ಲ, ಹುಳ ತನಗೆ ಬೇಕಾದ ಎಲೆ ಮಾಡಿಸ್ಕೊಳ್ತಿದೆ, ಆ ಗಿಡಕ್ಕೆ ಎಷ್ಟು ಸಾಕಾಗಿದೆ ಅಂತ ನಂಗೊತ್ತು ಅಂದ್ಲಂತೆ. ಅವನು ಮುಖ ತಿರುಗಿಸ್ಕೊಂಡು ಹೋದ. ಇವಳೊಬ್ಬಳೇ ಕಿತ್ತು ಸುಟ್ಲು. ಆದ್ರೂ ಹುಳ ಜಿಗೀತಾನೇ ಇತ್ತು.

ಕೈ ತೊಳಿಯಕ್ಕೆ ಕೆರೆಗೆ ಹೋದ್ಲು. ಕೆರೆಯಂಚಿನ ಮರಳಲ್ಲಿ ಕೆಂಪು ರೋಮದ ಒಂದು ಚಿಕ್ಕ ಗಿಡ, ರೋಮದ ತುದೀಲೆಲ್ಲ ಅಂಟಿನ ಹನಿ. ಒಂದು ಸೊಳ್ಳೆ ಬಂದು ಕೂತಿದ್ದು ಮತ್ತೆ ಏಳ್ಲೇ ಇಲ್ಲ. ದ್ಯಾವಕ್ಕ ತುಂಬ ಹೊತ್ತು ನೋಡಿದ್ಲಂತೆ. ಹುಳಗಳೆಲ್ಲ ತನ್ನ ಅರಿಶಿನದ ಸೀರೆಗೇ ಬಂದು ಮುತ್ತೋದು ನೆನಪಾಯ್ತು. ಸರಿ, ಹಳೇ ಬಟ್ಟೆ ಹರಿದು ಅರಿಶಿನದಲ್ಲಿ ಅದ್ದಿದ್ಲು. ಹುಳ ಅಂಟ್ಕೊಳ್ಲಿ ಅಂತ ಮೊದಲು ಬೆಲ್ಲದ ಪಾಕ ಬಳಿದ್ಲು, ಇರುವೆ ತಿಂದ್ಕೊಂಡು ಹೋದವು. ಆಮೇಲೆ ಬರೀ ಹರಳೆಣ್ಣೆ ಬಳಿದ್ಲು, ಬಿಸಿಲಿಗೆ ಸೋರಿ ಹೋಯ್ತು. ಅವತ್ತು ಒಲೆ ಮುಂದೆ ಕೂತು ಅತ್ಲಂತೆ, ಯಾರಿಗೂ ಕಾಣದ ಹಾಗೆ. ಆಮೇಲೆ ಎದ್ದು ಆಲದ ಹಾಲನ್ನ ಹರಳೆಣ್ಣೇಲಿ ಕಾಯಿಸಿ ಬಳಿದು, ಸಾಲು ಸಾಲಿಗೂ ಕೋಲು ನೆಟ್ಟು ಕಟ್ಟಿದ್ಲು.

ಎರಡು ದಿನ ಬಿಟ್ಟು ಮರುಳಪ್ಪ ಹೊಲಕ್ಕೆ ಬಂದು ನೋಡ್ತಾನೆ, ಹಳದಿ ಬಟ್ಟೆಯೆಲ್ಲ ಸತ್ತ ಹುಳ ಮೆತ್ತಿ ಕಪ್ಪಾಗಿದೆ. ಪಂಚೆ ಮೇಲಕ್ಕೆ ಕಟ್ಟಿ ಸಾಲಿಗಿಳಿದು, ಮತ್ತೆ ಎಲೆಗೊಂಚಲು ಬಿಟ್ಟಿದ್ದ ಗಿಡಗಳನ್ನ ಒಂದೊಂದಾಗಿ ತಾನೇ ಕಿತ್ತ. ಜೊತೆಗೆ ಬಗ್ಗಕ್ಕೆ ಬಂದ ಹೆಂಡತಿಗೆ, ನೀನು ಕೂತ್ಕೋ ಅಂದ.

ಆಮೇಲೆ ಬಿಳಿ ಹೂ ಬಂತು, ಕಾಯಿ ಬಂತು, ಗಾಣ ತಿರುಗ್ತು. ಮೊದಲ ಎಣ್ಣೆ ಕೇರಿಯ ಬಾಣಂತಿಗೆ ಹೋಯ್ತಂತೆ. ಎರಡನೇದನ್ನ ಮರುಳಪ್ಪ ಬೊಗಸೇಲಿ ಹಿಡಿದು ಹೆಂಡತಿ ತಲೆಗೆ ಸುರಿದು ತಟ್ಟಿದ. ಹಂಗೇ ಕೂತಲ್ಲೇ ಅವಳಿಗೆ ನಿದ್ದೆ ಹತ್ತಿತು. ಎಣ್ಣೆಗೆ ಬಂದೋರಿಗೆಲ್ಲ ಅವನು ಮೆಲ್ಲಗೆ, ಮಲಗಿದ್ದಾಳೆ, ನಾಳೆ ಬನ್ನಿ ಅಂದು ಕಳಿಸಿದನಂತೆ.

ಅವಳು ಮಲಗಿದ್ಲು, ಕತೇನೂ ಮಲಗ್ತು, ನೀನೂ ಮಲಗು ಮಗಾ.