ಮುನ್ನೂರ ಹದಿನೆಂಟು ಕುದುರೆ, ಒಂದು ಸೀಟು

ಚನ್ನಮಲ್ಲ ಉಪ್ಪು ಬಿಟ್ಟು ಹನ್ನೊಂದು ದಿನವಾಗಿತ್ತು. ಮಠ ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅಡುಗೆಮನೆಯಲ್ಲಿ ಅವನಿಗೆಂದೇ ಸಪ್ಪೆ ಸಾರಿನ ಪುಟ್ಟ ಪಾತ್ರೆಯೊಂದು ಒಲೆಯೇರಿತು. ಐದನೆಯ ದಿನ ಅವನು ದಿಂಬು ಬಿಟ್ಟ. ದಿಂಬನ್ನು ಉಗ್ರಾಣಕ್ಕೆ ಸೇರಿಸಲಾಯಿತು. ಎಂಟನೆಯ ದಿನ, ಊಟವಾದ ಮೇಲೆ ಪರ್ವತಯ್ಯನವರ ಜೊತೆ ಕುಳಿತು ದಿನಪತ್ರಿಕೆಯ ಪದಬಂಧ ತುಂಬುವುದನ್ನೂ ಬಿಟ್ಟ. ಪರ್ವತಯ್ಯ ಮಠದ ಹಳೆಯ ಅಡುಗೆಯವರು. ಈಗ ಕಣ್ಣು ಕಾಣುವುದಿಲ್ಲ. ಚನ್ನಮಲ್ಲ ಸುಳಿವು ಓದುತ್ತಿದ್ದ, ಅವರು ಉತ್ತರ ಹೇಳುತ್ತಿದ್ದರು. ಇದನ್ನು ಬಿಟ್ಟದ್ದರಿಂದ ಒಲೆಯ ಮೇಲೆ ಪಾತ್ರೆ ಹೆಚ್ಚಲಿಲ್ಲ, ಉಗ್ರಾಣಕ್ಕೂ ಏನೂ ಸೇರಲಿಲ್ಲ. ಹಾಗಾಗಿ ಯಾರೂ ಗಮನಿಸಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಅವನು ಗುರುಗಳ ಮುಂದೆ ಕುಳಿತ. ಬರುವ ಹುಣ್ಣಿಮೆಗೆ ಅವನ ದೀಕ್ಷೆ ಎಂದು ಗೊತ್ತಾಗಿತ್ತು. ಉಳಿದದ್ದು ಒಂಬತ್ತು ದಿನ.

“ಬುದ್ಧಿ, ಇಷ್ಟೆಲ್ಲ ಬಿಟ್ಟರೂ ಮನಸ್ಸು ಯಾಕೆ ನಿಲ್ಲುತ್ತಿಲ್ಲ? ಇನ್ನೇನು ಬಿಡಲಿ?”

“ಒಂದು ದಿನವೂ ನಿಲ್ಲಲಿಲ್ಲವೇ?”

“ಉಪ್ಪು ಬಿಟ್ಟ ಮಾರನೆಯ ದಿನ ಸ್ವಲ್ಪ ಹೊತ್ತು ನಿಂತಿತ್ತು. ಆ ಧೈರ್ಯದಿಂದಲೇ ದಿಂಬನ್ನೂ ಬಿಟ್ಟೆ. ಹೀಗೇ ಆದರೆ ಯಾವ ಮುಖ ಹೊತ್ತು ದೀಕ್ಷೆಗೆ ಕೂರಲಿ?”

ಗುರುಗಳು ಪೂರ್ವಾಶ್ರಮದಲ್ಲಿ ಏನಾಗಿದ್ದರು ಎಂದು ಮಠದಲ್ಲಿ ಯಾರೂ ಕೇಳುವಂತಿಲ್ಲ. ಮಠದ ಜೀಪು ನಿಂತುಹೋದಾಗ ಮಾತ್ರ ಪೇಟೆಯ ಮೆಕ್ಯಾನಿಕ್‌ಗಿಂತ ಮೊದಲು ಅವರಿಗೇ ಹೇಳಿಕಳಿಸುವುದು ವಾಡಿಕೆ. ಅವರು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನು ಒಂದು ಸ್ಪೋರ್ಟ್ಸ್ ಕಾರು ಕೊಂಡ. ಅದರಲ್ಲಿ ಇದ್ದದ್ದು ಎರಡೇ ಸೀಟು. ಒಂದರಲ್ಲಿ ಅವನು, ಇನ್ನೊಂದರಲ್ಲಿ ಅವನ ಹೆಂಡತಿ. ಭಾನುವಾರ ಬಂದರೆ ಇಬ್ಬರೂ ಊರಾಚೆ ಹೋಗಿ ಇಡ್ಲಿ ತಿಂದು ಬರುತ್ತಿದ್ದರು. ಎಂಜಿನ್ನಿನ ಅಷ್ಟೂ ಕುದುರೆಗಳ ಬಲ ಆ ಇಡ್ಲಿಗೇ ಖರ್ಚಾಗುತ್ತಿತ್ತು. ಅದರ ಬಗ್ಗೆ ಇಬ್ಬರಿಗೂ ದೂರು ಇರಲಿಲ್ಲ.

ಆ ಊರಿನಲ್ಲಿ ಇಂಥ ಕಾರು ಇದ್ದವರ ಒಂದು ಸಂಘವಿತ್ತು. ವರ್ಷಕ್ಕೊಮ್ಮೆ ಎಲ್ಲರೂ ಸಾಲಾಗಿ ಬೆಟ್ಟಕ್ಕೆ ಹೋಗುತ್ತಿದ್ದರು. ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದಕ್ಕೆ ವಯಸ್ಸು ನೋಡುತ್ತಿರಲಿಲ್ಲ. ಕಾರಿನ ಅಶ್ವಶಕ್ತಿ ನೋಡುತ್ತಿದ್ದರು. ಕಂಪನಿಯವರು ಕಾಗದದಲ್ಲಿ ಬರೆದುಕೊಟ್ಟ ಅಂಕಿಯನ್ನು ಒಪ್ಪುತ್ತಿರಲಿಲ್ಲ. ಗ್ಯಾರೇಜಿನ ಡೈನೊ ಯಂತ್ರ ಕೊಟ್ಟ ಚೀಟಿಯೇ ಪ್ರಮಾಣ.

ಆ ಯಂತ್ರ ಎಂದರೆ ನೆಲದಲ್ಲಿ ಹೂತ ಎರಡು ದಪ್ಪ ರೋಲರು. ಕಾರಿನ ಹಿಂದಿನ ಚಕ್ರಗಳನ್ನು ಅವುಗಳ ಮೇಲೆ ನಿಲ್ಲಿಸಿ, ಕಾರನ್ನು ಪಟ್ಟಿಗಳಿಂದ ನೆಲಕ್ಕೆ ಬಿಗಿಯುತ್ತಾರೆ. ಆಮೇಲೆ ಆಕ್ಸಿಲರೇಟರನ್ನು ಪೂರ್ತಿ ಒತ್ತುತ್ತಾರೆ. ಕಾರು ಅರಚುತ್ತದೆ, ಚಕ್ರ ರೋಲರನ್ನು ತಿರುಗಿಸುತ್ತದೆ, ಕಾರು ಮಾತ್ರ ಇದ್ದಲ್ಲೇ ಇರುತ್ತದೆ. ರೋಲರನ್ನು ಎಷ್ಟು ಬಲವಾಗಿ ತಿರುಗಿಸಿತು ಎಂಬುದರಿಂದ ಯಂತ್ರ ಅಶ್ವಶಕ್ತಿಯನ್ನು ಹೇಳುತ್ತದೆ.

ವ್ಯಾಪಾರಿ ಕಾರು ಒಯ್ದ. ಮುನ್ನೂರ ಹದಿನೆಂಟು ಬಂತು. ಸಂಘದಲ್ಲಿ ಅದಕ್ಕಿಂತ ಕಡಿಮೆ ಯಾರದೂ ಇರಲಿಲ್ಲ. ಅವನಿಗಿಂತ ಒಂದು ಮೆಟ್ಟಿಲು ಮೇಲಿದ್ದವನಿಗೆ ಮುನ್ನೂರ ಇಪ್ಪತ್ತೈದು. ಕೊನೆಯ ಸ್ಥಾನವನ್ನು ಅವನು ಹೇಗೋ ಸಹಿಸುತ್ತಿದ್ದನೇನೋ. ಆದರೆ ಆ ಮೇಲಿದ್ದವನು ಅವನ ಸ್ವಂತ ಷಡ್ಡಕ.

ಅವನು ಮನೆಗೆ ಬಂದು ಯೋಚಿಸಿದ. ಭಾರ ಇಳಿದರೆ ಬಲ ಏರಬೇಕು. ಸ್ಟೆಪ್ನಿ ಚಕ್ರ ತೆಗೆದಿಟ್ಟ. ಮಾರನೆಯ ಬೆಳಿಗ್ಗೆ ಗ್ಯಾರೇಜು ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತ. ಮುನ್ನೂರ ಇಪ್ಪತ್ತೊಂದು ಬಂತು.

“ಕಂಡೆಯಾ? ಆ ಸ್ಟೆಪ್ನಿ ಮೂರು ಕುದುರೆ ನುಂಗಿಕೊಂಡು ಕೂತಿತ್ತು” ಎಂದ.

“ಇಲ್ಲ ಸಾಹುಕಾರ್ರೇ. ನಿನ್ನೆ ಉರಿಬಿಸಿಲಲ್ಲಿ ಬಂದಿದ್ದಿರಿ, ಇವತ್ತು ತಂಪು ಹೊತ್ತು. ತಣ್ಣಗಿನ ಗಾಳಿ ಸಿಕ್ಕಿದರೆ ಎಂಜಿನ್ ಸ್ವಲ್ಪ ಚುರುಕಾಗುತ್ತೆ, ಅಷ್ಟೇ. ಕಾರನ್ನ ನೆಲಕ್ಕೆ ಕಟ್ಟಿಹಾಕಿದ್ದೀನಿ. ಎಲ್ಲಿಗೂ ಹೋಗದ ಕಾರಿಗೆ ಭಾರ ಹೊರೋ ಕೆಲಸ ಎಲ್ಲಿದೆ?” ಎಂದ ಮೆಕ್ಯಾನಿಕ್.

ವ್ಯಾಪಾರಿ ನಕ್ಕ. ಕಸುಬಿನ ಗುಟ್ಟನ್ನು ಯಾರೂ ಗಿರಾಕಿಗೆ ಬಿಟ್ಟುಕೊಡುವುದಿಲ್ಲ ಎಂಬುದು ಅವನಿಗೆ ಸ್ವಂತ ಅನುಭವದಿಂದ ಗೊತ್ತಿತ್ತು.

ಅವನು ಜಾಕ್ ತೆಗೆದ. ಕಾಲಡಿಯ ಮ್ಯಾಟು ತೆಗೆದ. ಹಾಡಿನ ಪೆಟ್ಟಿಗೆ ಬಿಚ್ಚಿದ. ಡ್ಯಾಶ್‌ಬೋರ್ಡಿನ ಮೇಲಿದ್ದ ಹೆಬ್ಬೆರಳು ಗಾತ್ರದ ಗಣಪತಿಯನ್ನು, ಕ್ಷಮೆ ಕೇಳಿಕೊಂಡು, ದೇವರ ಮನೆಗೆ ವರ್ಗಾಯಿಸಿದ. ಎರಡು ದಿನ ತಾನೂ ರಾತ್ರಿಯೂಟ ಬಿಟ್ಟ. ಚೀಟಿಯಲ್ಲಿ ಮುನ್ನೂರ ಹತ್ತೊಂಬತ್ತು ಬಂತು.

ಬೆಟ್ಟದ ಪ್ರಯಾಣಕ್ಕೆ ಒಂದು ದಿನ ಉಳಿಯಿತು. ಅವನು ಕಾರಿನೊಳಗೆ ಕಣ್ಣಾಡಿಸಿದ. ತೆಗೆಯಬಹುದಾದದ್ದು ಇನ್ನು ಒಂದೇ ಇತ್ತು. ಸ್ಪ್ಯಾನರ್ ತಂದು ಹೆಂಡತಿಯ ಸೀಟು ಬಿಚ್ಚಿ ಜಗುಲಿಯಲ್ಲಿಟ್ಟ.

“ಹಂಗಾದರೆ ನಾಳೆ ಬೆಟ್ಟಕ್ಕೆ ನಾನು?” ಎಂದಳು ಹೆಂಡತಿ.

“ಮೊದಲು ನಂಬರ್ ಬರಲಿ ಇರು. ಆಮೇಲೆ ನೋಡೋಣ.”

ಅವಳು ಒಳಗೆ ಹೋದಳು. ಮೊರದ ತುಂಬ ಅವರೆಕಾಯಿ ತಂದು, ಅದೇ ಸೀಟಿನ ಮೇಲೆ ಕುಳಿತು ಸುಲಿಯತೊಡಗಿದಳು. ಸೀಟು ಮೆತ್ತಗಿತ್ತು.

ಮಧ್ಯಾಹ್ನ ಕಾರು ರೋಲರ್ ಏರಿತು. ಮುನ್ನೂರ ಹದಿನೆಂಟು ಬಂತು. ಮೊದಲ ದಿನ ಬಂದದ್ದೂ ಅದೇ. ಮೆಕ್ಯಾನಿಕ್ ಚೀಟಿ ಹರಿದು ಕೈಗೆ ಕೊಟ್ಟ. ಕೊಡುವಾಗ ಕಿಟಕಿಯಿಂದ ಒಳಗೆ ಇಣುಕಿದ.

“ಅಮ್ಮಾವ್ರು ಎಲ್ಲಿ ಕೂರ್ತಾರೆ, ಸಾಹುಕಾರ್ರೇ?”

ವ್ಯಾಪಾರಿ ಚೀಟಿಯನ್ನು ಜೇಬಿಗೆ ಹಾಕಿ ಕಾರು ಹೊರಡಿಸಿದ. ಮನೆಗೆ ಹೋಗುವ ದಾರಿಯಲ್ಲಿ ಅವನು ಎರಡು ಸಲ ಪಕ್ಕಕ್ಕೆ ತಿರುಗಿ ನೋಡಿದ. ಅಲ್ಲಿ ನಾಲ್ಕು ತೂತುಗಳು ಮಾತ್ರ ಇದ್ದವು. ಮನೆ ತಲುಪಿ, ಹೆಂಡತಿಯನ್ನು ಸೀಟಿನಿಂದ ಎಬ್ಬಿಸಿ, ಬಿದ್ದಿದ್ದ ಅವರೆಸಿಪ್ಪೆ ಕೊಡವಿ, ನಾಲ್ಕು ಬೋಲ್ಟನ್ನೂ ಮತ್ತೆ ಬಿಗಿದ.

ಮರುದಿನ ಅವರ ಕಾರು ಸಾಲಿನ ಕೊನೆಯಲ್ಲಿ ಹೊರಟಿತು. ಮೊದಲ ತಿರುವು ದಾಟಿದ ಮೇಲೆ ಹೆಂಡತಿ ಹೇಳಿದಳು: “ಕೊನೇಲಿರೋದೇ ಚೆನ್ನ ಕಣ್ರೀ. ಎಲ್ಲರ ಕಾರೂ ಕಾಣುತ್ತೆ. ನಮ್ಮ ಭಾವನವರದು ನೋಡಿ, ಹೆಂಗೆ ಹೊಗೆ ಬಿಡ್ತಾ ಇದೆ!”

ವ್ಯಾಪಾರಿ ನೋಡಿದ. ಹೊಗೆ ಬರುತ್ತಿದ್ದದ್ದು ನಿಜ. ಇಷ್ಟು ಸುಖ ಸಾಲಿನಲ್ಲಿ ಇನ್ನಾವ ಕಾರಿನೊಳಗೂ ಇರಲಿಲ್ಲ.

ಕತೆ ಮುಗಿಯಿತು. ಚನ್ನಮಲ್ಲನಿಗೆ ನಗು ಬಂತು. ಹನ್ನೆರಡು ದಿನಗಳಲ್ಲಿ ಅವನು ನಕ್ಕದ್ದು ಅದೇ ಮೊದಲು.

“ಎಂಥ ದಡ್ಡ ವ್ಯಾಪಾರಿ, ಬುದ್ಧಿ! ಭಾರಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಮೆಕ್ಯಾನಿಕ್ ಎರಡನೆಯ ದಿನವೇ ಹೇಳಿದ್ದನಲ್ಲ?”

“ಹೇಳಿದ್ದೆ” ಎಂದರು ಗುರುಗಳು. ಆಮೇಲೆ ಕೇಳಿದರು: “ನೀನು ಬಿಚ್ಚಿಟ್ಟಿರುವುದರಲ್ಲಿ ಸೀಟು ಯಾವುದು, ಚನ್ನಮಲ್ಲ?”

ಚನ್ನಮಲ್ಲ ಎದ್ದು ಪರ್ವತಯ್ಯನವರ ಬಳಿ ಹೋದ.

ಪರ್ವತಯ್ಯ ಎಂಟನೆಯ ದಿನದಿಂದ ಈಚಿನ ಐದೂ ಪತ್ರಿಕೆಗಳನ್ನು ಮಡಚಿ ತಮ್ಮ ಚಾಪೆಯಡಿ ಇಟ್ಟುಕೊಂಡಿದ್ದರು. ಅಂದು ಮಧ್ಯಾಹ್ನ ನಾಲ್ಕು ಪದಬಂಧಗಳು ಪೂರ್ತಿಯಾದವು. ಐದನೆಯದರಲ್ಲಿ ಮೇಲಿನಿಂದ ಕೆಳಕ್ಕೆ ಹನ್ನೊಂದನೆಯ ಪದ ಮಾತ್ರ ಖಾಲಿ ಉಳಿಯಿತು. ದೀಕ್ಷೆ ಹುಣ್ಣಿಮೆಯಂದೇ ನಡೆಯಿತು.