ಪೇಪರ್ ಅಂಟಿಸಿದ ಬಾಗಿಲು

ಟೈಲರ್ ಮೀನಾಕ್ಷಮ್ಮನ ಹಳೇ ಬಿಳಿ ಕಾರಿನ ಬಾಗಿಲೊಂದನ್ನು ಮಾರ್ಕೆಟ್ಟಿನಲ್ಲಿ ತರಕಾರಿ ಗಾಡಿ ತರಚಿತ್ತು. ಗ್ಯಾರೇಜಿನವನು ಕೇಳಿದ ದುಡ್ಡಿಗೆ ಇನ್ನೊಂದು ಹೊಲಿಗೆ ಮಷೀನೇ ಬರುತ್ತಿತ್ತು. ಆಕೆ ಅಂಗಳದಲ್ಲಿ ಹಳೇ ಸೀರೆಗಳ ಮರೆ ಕಟ್ಟಿ, ತಾನೇ ಉಪ್ಪುಕಾಗದ ಉಜ್ಜಲು ಕೂತಳು.

ಸದ್ದು ಕೇಳಿ ಮನೆ ಮಾಲೀಕ ಶೇಷಗಿರಿರಾಯರು ಬಂದು ಮರೆಯಾಚೆಯೇ ನಿಂತು ಗುಡುಗಿದರು.

"ಮನೇಲಿ ಬಳಿದ ಬಣ್ಣ ನನ್ನ ಕಣ್ಣು ತಪ್ಪಿಸೋದಿಲ್ಲಮ್ಮಾ. ನಾಳೆ ನೋಡ್ತೀನಿ. ತೇಪೆ ಕಂಡ್ರೆ ಗಾಡಿ ಕಾಂಪೌಂಡಿನಿಂದ ಆಚೆ!"

"ಕಾಣದಿದ್ರೆ?"

"ನೀನಿರೋವರೆಗೂ ಇಲ್ಲೇ ನಿಲ್ಲಲಿ."

ಯಾವ ಬಾಗಿಲು ಎಂದು ಅವರು ನೋಡಿರಲಿಲ್ಲ. ಕೇಳುವುದು ಅವರ ಘನತೆಗೆ ಕುಂದು.

ಮೀನಾಕ್ಷಮ್ಮ ಸ್ಪ್ರೇ ಡಬ್ಬಿಯಿಂದ ತೆಳ್ಳಗೆ ಬಣ್ಣ ಹೊಡೆದಳು. ಒಣಗಿದ ಮೇಲೆ ಮೃದು ಬಟ್ಟೆಯಲ್ಲಿ ತಿಕ್ಕಿ ಹೊಳೆಸಿದಳು. ಬಣ್ಣ ಆಚೀಚೆ ಸಿಡಿಯದಿರಲೆಂದು ಸುತ್ತ ಅಂಟಿಸಿದ್ದ ನ್ಯೂಸ್‌ಪೇಪರನ್ನು ಬಿಡಿಸಿದಳು. ಎಸೆಯಲಿಲ್ಲ. ಆಚೆ ಬದಿಯ ಬಾಗಿಲಿನ ಸುತ್ತ ಜೋಪಾನವಾಗಿ ಅಂಟಿಸಿದಳು.

ಮರುದಿನ ರಾಯರು ನೆಟ್ಟಗೆ ಪೇಪರಿದ್ದ ಬಾಗಿಲಿಗೇ ಹೋದರು. ಕನ್ನಡಕ ಒರೆಸಿ, ಬಗ್ಗಿ ನೋಡಿದರು.

"ಥೂ, ಸುಣ್ಣ ಬಳಿದ ಹಾಗಿದೆ!"

ಕಾರು ಸುತ್ತಿ ಈಚೆ ಬಂದು ಇನ್ನೊಂದು ಬಾಗಿಲು ತಟ್ಟಿದರು. "ಇದು ನೋಡು, ಕಂಪನಿ ಬಣ್ಣ. ಕನ್ನಡಿ!"

"ಸರಿಯಾಗಿ ನೋಡಿ ಹೇಳಿ, ರಾಯರೇ."

"ಕುರುಡನೂ ಹೇಳ್ತಾನೆ!"

ಮೀನಾಕ್ಷಮ್ಮ ಪೇಪರು ಕಿತ್ತು ಮಡಚಿದಳು. "ಆ ಸುಣ್ಣ ಕಂಪನಿಯವರದು. ಈ ಕನ್ನಡಿ ನಂದು."

ರಾಯರು ಮತ್ತೊಮ್ಮೆ ಕನ್ನಡಕ ಒರೆಸಿದರು. ಈ ಸಲ ಬಹಳ ಹೊತ್ತು. ಕೊನೆಗೆ ಗೇಟಿನತ್ತ ತಿರುಗಿ ಗೊಣಗಿದರು.

"ಗಾಡೀನ ನೆರಳಿಗೆ ನಿಲ್ಸಮ್ಮಾ. ಬಿಸಿಲಿಗೆ ಕನ್ನಡಿ ಮಾಸೀತು."