ವರ್ತಕ ಆರಿಸಿದ ಹಗ್ಗ

"ಗುರುಗಳೇ, ಆಪತ್ತಿಗೆ ಆಗುವ ಸಾಮಾನನ್ನು ಆರಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. ಮಠ ಹೊಳೆಯ ದಡದಲ್ಲಿತ್ತು. ಮಳೆಗಾಲದಲ್ಲಿ ಹೊಳೆ ಯಾವಾಗ ಏರುತ್ತದೆಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಅಂಥ ದಿನಕ್ಕೆ ಬೇಕಾದುದನ್ನು ಸಿದ್ಧಮಾಡಿ ಇಡು ಎಂದು ಗುರುಗಳೇ ಅವನಿಗೆ ಹೇಳಿದ್ದರು. ಆ ಕೆಲಸ ಸಿಕ್ಕಿದಾಗಿನಿಂದ ಶಿಷ್ಯನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಗ್ಗ ತಂದಿದ್ದ, ಲಾಟೀನು ತಂದಿದ್ದ, ಗಾಯಕ್ಕೆ ಕಟ್ಟುವ ಬಟ್ಟೆ, ಅವಲಕ್ಕಿ, ಬೆಲ್ಲ ಎಲ್ಲ ತಂದಿದ್ದ. ಇಷ್ಟು ಸಾಕೇ, ಇನ್ನೊಂದು ಲಾಟೀನು ಬೇಕೇ, ಹಗ್ಗ ಇನ್ನೂ ದಪ್ಪ ಇರಬೇಕಿತ್ತೇ ಎಂದು ತಿಳಿಯದೆ ಓಡಿ ಬಂದಿದ್ದ.

ಗುರುಗಳು ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನು ಜಿಪುಣನಲ್ಲ, ದಡ್ಡನೂ ಅಲ್ಲ. ಇದನ್ನು ಮೊದಲೇ ಹೇಳಬೇಕು. ಇಲ್ಲದಿದ್ದರೆ ಮುಂದೆ ಆದದ್ದಕ್ಕೆಲ್ಲ ಅವನ ಜಿಪುಣತನವೇ ಕಾರಣವೆಂದು ನೀನು ತಿಳಿದುಬಿಡುತ್ತೀಯ.

ಪಕ್ಕದ ಊರಿಗೆ ಬೆಂಕಿ ಬಿದ್ದು ಅರ್ಧ ಕೇರಿ ಸುಟ್ಟುಹೋದ ಸುದ್ದಿ ಅವನ ಕಿವಿಗೆ ಬಿತ್ತು. ಅಲ್ಲಿ ಬಾವಿಯಲ್ಲಿ ನೀರಿತ್ತು, ಸೇದಲು ಗಟ್ಟಿ ಹಗ್ಗ ಇರಲಿಲ್ಲ ಎಂದು ಜನ ಹೇಳಿದರು. ವರ್ತಕನಿಗೆ ಮೊದಲು ಭಯವಾಯಿತು. ಆಮೇಲೆ ಉತ್ಸಾಹ ಹುಟ್ಟಿತು. ತನ್ನ ಕೇರಿಗೆ ಹಾಗಾಗಲು ಬಿಡುವುದಿಲ್ಲ ಎಂದುಕೊಂಡ. ಆಪತ್ತಿಗೆ ಬೇಕಾಗುವುದನ್ನೆಲ್ಲ ತಾನೇ ಕೊಂಡು ಇಡಲು ಹೊರಟ.

ಅವನು ಕೊಳ್ಳುವ ರೀತಿ ನೋಡುವಂತಿತ್ತು. ಸೆಣಬಿನ ಹಗ್ಗ ನೀರಿನಲ್ಲಿ ನೆನೆದರೆ ಬೇಗ ಕೊಳೆಯುತ್ತದೆ, ಆದ್ದರಿಂದ ತೆಂಗಿನ ನಾರಿನ ಹಗ್ಗವನ್ನೇ ಕೇಳಿದ. ಅದನ್ನೂ ಬರೀ ಕಣ್ಣಿನಿಂದ ನೋಡಿ ಒಪ್ಪಲಿಲ್ಲ. ಅಂಗಡಿಯ ತೊಲೆಗೆ ಕಟ್ಟಿಸಿ, ತಾನೇ ಜೋತುಬಿದ್ದು, ಕಾಲು ಮೇಲೆತ್ತಿ ಪರೀಕ್ಷಿಸಿದ. ಲಾಟೀನನ್ನು ಗಾಳಿಗೆ ಹಿಡಿದು ದೀಪ ಆರುವುದಿಲ್ಲವೆಂದು ಖಾತ್ರಿ ಮಾಡಿಕೊಂಡ. ಕೊಡಲಿಯ ಕಾವು ಅಲ್ಲಾಡುತ್ತದೆಯೇ ಎಂದು ತಿಳಿಯಲು ಅಂಗಡಿಯ ಮುಂದಿದ್ದ ದಿಮ್ಮಿಯನ್ನೇ ಸೀಳಿದ. ಕೊನೆಗೆ ಇದನ್ನೆಲ್ಲ ಕಾಯಲು ಒಂದು ಬೀಗ ಕೊಂಡ. ಅದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದ. ಬೀಗ ಜಗ್ಗಲಿಲ್ಲ. ಅವನಿಗೆ ಬಹಳ ಸಂತೋಷವಾಯಿತು.

ಬೀಗ ಏಕೆಂದರೆ, ಎರವಲು ಹೋದ ಸಾಮಾನು ಆಪತ್ತಿನ ದಿನ ಮನೆಯಲ್ಲಿರುವುದಿಲ್ಲ. ಅವನ ಈ ಯೋಚನೆಯೂ ತಪ್ಪಲ್ಲ. ಎಲ್ಲವನ್ನೂ ಹಿತ್ತಲ ಕೋಣೆಯಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಬೇಕೆಂದಾಗ ಹುಡುಕುವಂತಾಗಬಾರದು ಎಂಬುದು ಅವನ ಲೆಕ್ಕ.

ಅಂದಿನಿಂದ ಕೂತಲ್ಲಿ ನಿಂತಲ್ಲಿ ಅವನಿಗೆ ಅದೇ ಕಲ್ಪನೆ. ಎಲ್ಲೋ ಕೂಗು ಕೇಳಿಸುತ್ತದೆ. ಜನ ದಿಕ್ಕು ತೋಚದೆ ನಿಂತಿರುತ್ತಾರೆ. ತಾನು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಓಡಿ ಬರುತ್ತೇನೆ. ಜನ ದಾರಿ ಬಿಡುತ್ತಾರೆ. ಇದನ್ನು ನೆನೆದರೆ ಅವನಿಗೆ ಊಟ ಮಾಡುವಾಗಲೂ ಮೈ ಜುಮ್ಮೆನ್ನುತ್ತಿತ್ತು.

ಅದೇ ಕೇರಿಯ ಕೊನೆಯ ಮನೆಯಲ್ಲಿ ತಿಪ್ಪವ್ವ ಎಂಬ ಮುದುಕಿ ಇದ್ದಳು. ಅವಳ ಜಗುಲಿಯ ಗೋಡೆಗೆ ಒಂದು ಹಳೆಯ ದಪ್ಪ ಹಗ್ಗವೂ ಒಂದು ಪಾತಾಳ ಗರಡಿಯೂ ತೂಗುತ್ತಿದ್ದವು. ಪಾತಾಳ ಗರಡಿ ಎಂದರೆ ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು. ಯಾರ ಕೊಡ ಬಿದ್ದರೂ ಕೇರಿಯವರು ಅವಳ ಜಗುಲಿಗೇ ಬರುತ್ತಿದ್ದರು. ಅವಳದು ಒಂದೇ ಕಟ್ಟಳೆ. ಒಯ್ಯುವವರು ತಮ್ಮ ಒಂದು ಪಾತ್ರೆಯನ್ನು ಜಗುಲಿಯ ಮೇಲೆ ಇಟ್ಟು ಹೋಗಬೇಕು. ಹಗ್ಗ ತಂದು ತೂಗುಹಾಕಿದ ಮೇಲೆ ಪಾತ್ರೆ ಒಯ್ಯಬಹುದು. ತಮ್ಮ ಪಾತ್ರೆಯ ನೆನಪಿರುವವರು ಅವಳ ಹಗ್ಗವನ್ನು ಮರೆಯುವುದಿಲ್ಲ, ಅದಕ್ಕೆ ಹಾಗೆ. ಒಯ್ದವರು ಸವೆದ ಕಡೆ ಕತ್ತರಿಸಿ ಗಂಟು ಹಾಕಿ ತರುತ್ತಿದ್ದುದರಿಂದ ಹಗ್ಗದ ತುಂಬ ಗಂಟುಗಳಿದ್ದವು.

ವರ್ತಕ ಆ ದಾರಿಯಲ್ಲಿ ಹೋಗುವಾಗ ಅವಳನ್ನು ಕೆಣಕುತ್ತಿದ್ದ.

"ತಿಪ್ಪವ್ವ, ಇದು ಹಗ್ಗವೋ, ಗಂಟುಗಳ ಸರವೋ? ನನ್ನ ಹಗ್ಗ ಬಂದು ನೋಡು. ಆನೆ ಕಟ್ಟಬಹುದು."

"ನಮ್ಮ ಕೇರಿಯಲ್ಲಿ ಬಾವಿಗೆ ಬೀಳುವುದು ಕೊಡ, ಶೆಟ್ಟರೇ. ಆನೆ ಬಿದ್ದ ದಿನ ನಿಮ್ಮ ಮನೆಗೇ ಬರುತ್ತೇನೆ," ಎನ್ನುತ್ತಿದ್ದಳು ಅವಳು.

ಒಂದು ಬೆಳಿಗ್ಗೆ ವರ್ತಕ ತನ್ನ ಹಿತ್ತಲ ಬಾವಿಯ ಕಟ್ಟೆ ಹತ್ತಿ ರಾಟೆಗೆ ಎಣ್ಣೆ ಬಿಡುತ್ತಿದ್ದ. ಎಣ್ಣೆ ಬಿಡಲೆಂದು ಸೇದುವ ಹಗ್ಗವನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದ. ಕಾಲು ಜಾರಿತು. ಅವನ ಜೊತೆಗೆ ಆ ಹಗ್ಗವೂ ಬಾವಿ ಸೇರಿತು.

ಅವನಿಗೆ ಈಜು ಬರುತ್ತಿರಲಿಲ್ಲ. ಬಾವಿಗೆ ಇಳಿಯುವ ಮೆಟ್ಟಿಲೂ ಇರಲಿಲ್ಲ. ಗೋಡೆಯಿಂದ ಹೊರಗೆ ಚಾಚಿದ್ದ ಒಂದು ಕಲ್ಲನ್ನು ಎರಡೂ ಕೈಯಿಂದ ಹಿಡಿದು, ಕುತ್ತಿಗೆಯವರೆಗೆ ನೀರಿನಲ್ಲಿ ನೇತಾಡಿದ. ಕಲ್ಲಿಗೆ ಪಾಚಿ ಕಟ್ಟಿತ್ತು. ಪಾಚಿ ಇದ್ದುದರಿಂದ ಬೆರಳುಗಳು ಜಾರುತ್ತಿದ್ದವು. ಜಾರಿದರೆ ಅವನ ಕತೆ ಮುಗಿಯುತ್ತಿತ್ತು.

ಸದ್ದು ಕೇಳಿ ಹೆಂಡತಿ ಓಡಿ ಬಂದಳು.

"ಕೋಣೆಯಲ್ಲಿ ಹೊಸ ಹಗ್ಗ ಇದೆ, ಬೇಗ ತಾ," ಎಂದು ಅವನು ಒಳಗಿಂದ ಕೂಗಿದ.

"ಬೀಗದ ಕೈ ಎಲ್ಲಿಟ್ಟಿದ್ದೀರಿ?"

ಬಾವಿಯಿಂದ ಸಣ್ಣ ದನಿಯಲ್ಲಿ ಉತ್ತರ ಬಂತು.

"ನನ್ನ ಹತ್ತಿರವೇ ಇದೆ."

ಬಿಚ್ಚಿ ಮೇಲಕ್ಕೆ ಎಸೆಯೋಣವೆಂದರೆ ಕಲ್ಲಿನಿಂದ ಕೈ ಬಿಡಬೇಕು. ಕೈ ಬಿಟ್ಟರೆ ಮುಳುಗುತ್ತಾನೆ. ಅಷ್ಟರಲ್ಲಿ ಕೇರಿಯ ಗಂಡಸರು ಸೇರಿದರು. ಸುತ್ತಿಗೆಯಿಂದ ಬೀಗವನ್ನು ಬಡಿದರು. ಬೀಗ ಜಗ್ಗಲಿಲ್ಲ. ಅದನ್ನು ಹಾಗೆಂದೇ ಆರಿಸಲಾಗಿತ್ತು. ಬಾಗಿಲನ್ನೇ ಒಡೆಯೋಣ, ಒಳ್ಳೆಯ ಕೊಡಲಿ ಯಾರ ಮನೆಯಲ್ಲಿದೆ ಎಂದು ಒಬ್ಬ ಕೇಳಿದ. ಶೆಟ್ಟರ ಮನೆಯಲ್ಲಿದೆ, ಇದೇ ಕೋಣೆಯಲ್ಲಿ ಎಂದು ಇನ್ನೊಬ್ಬ ಹೇಳಿದ. ಮತ್ತೊಬ್ಬ ತನ್ನ ಮನೆಯ ಸೇದುವ ಹಗ್ಗ ತಂದು ಇಳಿಬಿಟ್ಟ. ಅದು ಕೊಡದ ಭಾರಕ್ಕೆ ಮಾಡಿದ ಹಗ್ಗ. ವರ್ತಕ ನೀರಿನಿಂದ ಸೊಂಟದವರೆಗೆ ಮೇಲೆದ್ದಾಗ ಹಗ್ಗ ತುಂಡಾಯಿತು. ಅವನು ಮುಳುಗಿದ, ಎದ್ದ, ಕಲ್ಲನ್ನು ತಡಕಿ ಒಂದೇ ಕೈಯಿಂದ ಹಿಡಿದ. ಈಗ ಕೂಗಲೂ ಅವನಲ್ಲಿ ತ್ರಾಣವಿರಲಿಲ್ಲ.

ಗಂಡಸರು ಬೀಗ ಬಡಿಯುತ್ತಿದ್ದಾಗಲೇ ನೆರೆಮನೆಯ ಹೆಂಗಸೊಬ್ಬಳು ತಿಪ್ಪವ್ವನ ಮನೆಯತ್ತ ಓಡಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕೊಡ ಬಿದ್ದಾಗಲೆಲ್ಲ ಓಡಿದ ದಾರಿ ಅದು. ಜಗುಲಿ ಮುಟ್ಟಿದವಳು ಅವಸರದಲ್ಲಿಯೂ ಕೈಯಲ್ಲಿದ್ದ ಬಿಂದಿಗೆಯನ್ನು ಅಲ್ಲಿಟ್ಟು ಹಗ್ಗವನ್ನು ಎಳೆದುಕೊಂಡಳು. ದಾರಿಯಲ್ಲಿ ಸಿಕ್ಕವರೆಲ್ಲ ಅದರ ಒಂದೊಂದು ಸುರುಳಿ ಹೊತ್ತು ಅವಳ ಜೊತೆ ಓಡಿ ಬಂದರು. ಹಗ್ಗ ಬಾವಿಗೆ ಇಳಿಯಿತು. ವರ್ತಕ ಅದನ್ನು ಎದೆಗೆ ಸುತ್ತಿಕೊಂಡ. ಇಡೀ ಕೇರಿ ಒಂದೇ ದನಿಯಲ್ಲಿ ಕೂಗು ಹಾಕಿ ಎಳೆಯಿತು. ನಡುಗುವ ಮನುಷ್ಯನೊಬ್ಬ ಕಟ್ಟೆಯ ಮೇಲೆ ಬಂದು ಬಿದ್ದ.

ಎಲ್ಲರಿಗಿಂತ ಕೊನೆಗೆ ತಿಪ್ಪವ್ವ ಬಂದಳು. ಅವನ ತಲೆ ಮುಟ್ಟಿ ನೋಡಿದಳು. ಜೀವಕ್ಕೆ ಅಪಾಯವಿಲ್ಲವೆಂದು ತಿಳಿದ ಮೇಲೆ, "ಶೆಟ್ಟರೇ, ಹಗ್ಗ ನೆನೆದಿದೆ. ಒಣಗಿಸಿ ಕಳಿಸಿ," ಎಂದು ಹೇಳಿ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಗುತ್ತ ಎದ್ದು ನಿಂತ. ಅರ್ಥವಾಯಿತೆಂಬ ಹುರುಪು ಅವನ ಮುಖದಲ್ಲಿತ್ತು. ತಪ್ಪೆಲ್ಲ ಬೀಗದ್ದು, ತಾನು ಬೀಗ ಹಾಕುವುದೇ ಇಲ್ಲ, ಹೊಳೆ ಏರಿದ ಕೂಡಲೇ ಸಾಮಾನು ಹೊತ್ತು ಎಲ್ಲರಿಗಿಂತ ಮೊದಲು ತಾನೇ ಓಡಿ ಬರುತ್ತೇನೆ ಎಂದ.

"ಹೊಳೆ ಮೊದಲು ನಿನ್ನನ್ನೇ ಎಳೆದುಕೊಂಡರೆ, ಹಗ್ಗಕ್ಕಾಗಿ ನಾವು ಎಲ್ಲಿಗೆ ಓಡಬೇಕು?" ಎಂದು ಗುರುಗಳು ಕೇಳಿದರು.